ಉದ್ಯಮಬಾಗದ ಕಾರ್ಖಾನೆಗೊಂದು ಹಂಚಿಕೆಯ ಕ್ಯಾಲೆಂಡರ್: ಇಮೇಲಿನಿಂದ ದಿನಾಂಕಗಳನ್ನು ತೆಗೆದಿಟ್ಟ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಇಮೇಲ್ ಮತ್ತು ಕ್ಯಾಲೆಂಡರನ್ನು ಜೋಡಿಸಿಕೊಟ್ಟ ಕೆಲಸದ ದಾಖಲೆ ಇದು. ಕೊಲ್ಹಾಪುರ ಮತ್ತು ಪುಣೆಯ ಗಿರಾಕಿಗಳು, ಜರ್ಮನಿಯ ಒಬ್ಬ ಖರೀದಿದಾರರು, ತಪಾಸಣೆಯ ದಿನವನ್ನೂ ಸರಕು ಒಯ್ಯುವ ದಿನವನ್ನೂ ವಾರದ ಕರೆಯ ಹೊತ್ತನ್ನೂ ಇಮೇಲಿನಲ್ಲೇ ತಿಳಿಸುತ್ತಾರೆ. ಕಚೇರಿಯ ನಾಲ್ವರು ಒಂದೇ ಅಂಚೆಪೆಟ್ಟಿಗೆಯನ್ನು ತೆರೆದು ನೋಡುತ್ತಾರೆ. ಒಬ್ಬರು ತೆರೆದ ಪತ್ರ ಉಳಿದ ಮೂವರಿಗೆ ಓದಿದ್ದಾಗಿ ಕಾಣುವುದರಿಂದ, ಅದರಲ್ಲಿದ್ದ ದಿನಾಂಕವನ್ನು ಉತ್ಪಾದನಾ ವಿಭಾಗದ ಬಿಳಿ ಹಲಗೆಯ ಮೇಲೆ ಯಾರಾದರೂ ನೆನಪಿಟ್ಟು ಬರೆದರೆ ಬರೆದಂತೆ, ಇಲ್ಲದಿದ್ದರೆ ಇಲ್ಲ. ಪತ್ರದಲ್ಲಿ ಬಂದ ದಿನ ತಾನಾಗಿ ಕ್ಯಾಲೆಂಡರಿಗೆ ಬರಬೇಕು, ಯಂತ್ರಗಳ ಹತ್ತಿರ ಕೆಲಸ ಮಾಡುವವರಿಗೆ ಅದು ಕನ್ನಡದಲ್ಲಿ ಕಾಣಬೇಕು ಎಂಬುದಷ್ಟೇ ಮಾಲೀಕರ ಬೇಡಿಕೆಯಾಗಿತ್ತು.

ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ರ ಚಂದಾ ಪಡೆದರೆ ಇದರ ಬಹುಪಾಲು ಸಿದ್ಧರೂಪದಲ್ಲಿ ಸಿಗುತ್ತದೆ, ಮತ್ತು ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರುವ ಕಚೇರಿಗೆ ನಾನು ಸೂಚಿಸುವುದೂ ಅದನ್ನೇ. ಇಲ್ಲಿಯ ಸ್ಥಿತಿ ಬೇರೆ. ಅಂಚೆಪೆಟ್ಟಿಗೆ ಒಂದೇ, ಕ್ಯಾಲೆಂಡರ್ ನೋಡಬೇಕಾದವರಲ್ಲಿ ಹೆಚ್ಚಿನವರಿಗೆ ಕಂಪನಿಯ ಇಮೇಲ್ ವಿಳಾಸವೇ ಇಲ್ಲ, ಮತ್ತು ಗಿರಾಕಿಗಳ ವೇಳಾಪಟ್ಟಿ ಕಾರ್ಖಾನೆಯ ಗೋಡೆ ದಾಟಬಾರದೆಂಬುದು ಮಾಲೀಕರ ಹಟ. ಆದ್ದರಿಂದ ರ‍್ಯಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರಿನ ಮೇಲೆ ರ‍್ಯಾಡಿಕೇಲ್ ಎಂಬ ಮುಕ್ತ ಕ್ಯಾಲೆಂಡರ್ ಸರ್ವರ್, ಕಚೇರಿಯ ಕಂಪ್ಯೂಟರುಗಳಲ್ಲಿ ಇಮೇಲನ್ನೂ ಕ್ಯಾಲೆಂಡರನ್ನೂ ತೋರಿಸುವ ಥಂಡರ್‌ಬರ್ಡ್, ಆಂಡ್ರಾಯ್ಡ್ ಫೋನುಗಳಲ್ಲಿ ಕ್ಯಾಲೆಂಡರನ್ನು ಸರ್ವರಿನೊಡನೆ ಹೊಂದಿಸುವ ಡ್ಯಾವ್‌ಎಕ್ಸ್5, ಇವುಗಳ ನಡುವೆ ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ (ಸ್ಕ್ರಿಪ್ಟ್) ಎಂಬ ಜೋಡಣೆಗೆ ಬಂದೆವು.

ಕೆಲಸ ಆರಂಭಿಸುವ ಮೊದಲೇ ಒಂದು ಮಿತಿಯನ್ನು ಹಾಕಿಕೊಂಡೆ. ಪತ್ರದ ಒಡಲಿನಲ್ಲಿ ಸಾಮಾನ್ಯ ವಾಕ್ಯವಾಗಿ ಬರೆದ ದಿನಾಂಕವನ್ನು ಸ್ಕ್ರಿಪ್ಟ್ ಊಹಿಸಕೂಡದು. 04/05 ಎಂದು ಬರೆದದ್ದು ಪುಣೆಯಿಂದ ಬಂದಿದ್ದರೆ ಮೇ 4, ಅಮೆರಿಕದ ಪದ್ಧತಿಯ ತಂತ್ರಾಂಶದಿಂದ ಬಂದಿದ್ದರೆ ಏಪ್ರಿಲ್ 5. ‘ಬರುವ ಗುರುವಾರ’ ಎಂದರೆ ಈ ವಾರದ್ದೋ ಮುಂದಿನದೋ ಎಂಬುದು ಬರೆದವರಿಗೇ ಗೊತ್ತು. ಅಂಥ ಪತ್ರಗಳನ್ನು ಮನುಷ್ಯರೇ ಓದಿ ಕ್ಯಾಲೆಂಡರಿಗೆ ಏರಿಸಬೇಕು. ಸ್ಕ್ರಿಪ್ಟ್ ಮುಟ್ಟುವುದು ಆಹ್ವಾನವಾಗಿ, ಅಂದರೆ ಐಕ್ಯಾಲೆಂಡರ್ ರೂಪದ ಲಗತ್ತಾಗಿ ಬಂದದ್ದನ್ನು ಮಾತ್ರ. ಈ ರೂಪವನ್ನು ಮೊದಲು, ಇಂಟರ್‌ನೆಟ್ಟಿನ ನಿಯಮಗಳ ದಾಖಲೆಗಳಾದ ಆರ್‌ಎಫ್‌ಸಿಗಳಲ್ಲಿ ಒಂದಾದ, 1998ರ ಆರ್‌ಎಫ್‌ಸಿ 2445 ನಿರ್ಧರಿಸಿತ್ತು. 2009ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 5545 ಬಂದಿತು. ಔಟ್‌ಲುಕ್, ಗೂಗಲ್ ಕ್ಯಾಲೆಂಡರ್, ಥಂಡರ್‌ಬರ್ಡ್ ಎಲ್ಲವೂ ಕಳುಹಿಸುವುದು ಇದನ್ನೇ. ಯಂತ್ರವೊಂದು ದಿನಾಂಕವನ್ನು ಸಾಗಿಸಬಹುದು, ಒಪ್ಪಿಕೊಳ್ಳುವ ಅಧಿಕಾರ ಅದಕ್ಕಿಲ್ಲ ಎಂಬ ನಿಲುವನ್ನು ಮುಂದಿನ ಪ್ರತಿ ಹಂತದಲ್ಲೂ ಪಾಲಿಸಿದೆ.

ಯಂತ್ರಾಂಶದ ವಿಷಯದಲ್ಲಿ ಗಮನಿಸಬೇಕಾದದ್ದು ಗಡಿಯಾರ. ಪೈ 4ರಲ್ಲಿ ವಿದ್ಯುತ್ ಹೋದಾಗಲೂ ನಡೆಯುವ ಸ್ವಂತ ಗಡಿಯಾರವಿಲ್ಲ. ಅದು ಆರಂಭವಾದಾಗ ಕೊನೆಯದಾಗಿ ಉಳಿಸಿದ ಹೊತ್ತನ್ನು ಹಿಡಿದು, ಇಂಟರ್‌ನೆಟ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತದೆ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ವಿದ್ಯುತ್ ಹೋಗಿ ಬೆಳಿಗ್ಗೆ ಬಂದಾಗ, ಇಂಟರ್‌ನೆಟ್ ಪೆಟ್ಟಿಗೆ ಎಚ್ಚರಗೊಳ್ಳುವ ಮೊದಲೇ ಪೈ ಎಚ್ಚರಗೊಂಡು ನಿನ್ನೆಯ ದಿನಾಂಕದ ಕೆಲಸಪಟ್ಟಿಯನ್ನು ಸಿದ್ಧಪಡಿಸಿಬಿಡುತ್ತದೆ. ವೇಳಾಪಟ್ಟಿಯ ಸಾಧನಕ್ಕೆ ಇದು ಸಲ್ಲದು. ಆದ್ದರಿಂದ ಡಿಎಸ್3231 ಚಿಪ್ ಇರುವ ಗಡಿಯಾರದ ಮಾಡ್ಯೂಲನ್ನು ಐ2ಸಿ (ಚಿಪ್ಪುಗಳು ಮಾತಾಡುವ ತಂತಿದಾರಿ) ಕಾಲುಗಳಿಗೆ ಜೋಡಿಸಿ, ಪೈಯ ಕಾನ್ಫಿಗ್ ಕಡತದಲ್ಲಿ ಅದನ್ನು ಗುರುತಿಸುವ ಓವರ್‌ಲೇ ಸೇರಿಸಿ, ಕೊನೆಯ ಹೊತ್ತನ್ನು ಉಳಿಸಿಡುತ್ತಿದ್ದ ನಕಲಿ ಗಡಿಯಾರದ ಸೇವೆಯನ್ನು ತೆಗೆದುಹಾಕಿದೆ. ಈ ಚಿಪ್ಪಿನ ನಿಖರತೆ ಹತ್ತು ಲಕ್ಷಕ್ಕೆ ಎರಡರಷ್ಟು, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷದ ವ್ಯತ್ಯಾಸ. ನಮ್ಮ ಅಗತ್ಯಕ್ಕೆ ಧಾರಾಳವಾಯಿತು. ಅಗ್ಗದ ಕೆಲವು ಮಾಡ್ಯೂಲುಗಳಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ದಾರಿ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಬಿಲ್ಲೆಯನ್ನು ಹಾಕುವುದಾದರೆ ಆ ದಾರಿಯಲ್ಲಿರುವ ರೆಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆಯುವುದು ಸುರಕ್ಷಿತ. ಮೆಮೊರಿ ಕಾರ್ಡಿನ ಬದಲು ಯುಎಸ್‌ಬಿ ಎಸ್‌ಎಸ್‌ಡಿಯನ್ನು ಬಳಸಿ, ಇಡೀ ಜೋಡಣೆಯನ್ನು ಕಬ್ಬಿಣದ ಪುಡಿ ಹಾರುವ ಅಂಗಳದಿಂದ ದೂರ, ಲೆಕ್ಕಪತ್ರದ ಕೋಣೆಯಲ್ಲಿ ಸಣ್ಣ ಯುಪಿಎಸ್ ಜತೆಗೆ ಇರಿಸಿದ್ದಾಯಿತು.

ರ‍್ಯಾಡಿಕೇಲ್ ಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅದು ಸ್ವಭಾವತಃ ತನ್ನ ಯಂತ್ರದೊಳಗಿನ 5232ನೇ ಪೋರ್ಟಿಗೆ (ಸಂಪರ್ಕದ ಬಾಗಿಲಿಗೆ) ಮಾತ್ರ ಕಿವಿಗೊಡುತ್ತದೆ. ಕಾರ್ಖಾನೆಯ ಜಾಲಕ್ಕೆ ತೆರೆಯಲು ಅದರ ಕಾನ್ಫಿಗ್ ಕಡತದ ಹೋಸ್ಟ್ ಸಾಲನ್ನು ಬದಲಿಸಬೇಕು, ತೆರೆಯುವ ಮೊದಲು ಗುಪ್ತಪದಗಳ ಕಡತವನ್ನು, ಅವನ್ನು ಓದಲಾಗದಂತೆ ಮಾಡುವ ಬಿಕ್ರಿಪ್ಟ್ ವಿಧಾನದಲ್ಲಿ ಸಿದ್ಧಪಡಿಸಿಕೊಂಡಿರಬೇಕು. ಅದು ಪ್ರತಿ ಕಾರ್ಯಕ್ರಮವನ್ನು ಒಂದೊಂದು ಸಾದಾ ಪಠ್ಯ ಕಡತವಾಗಿ ಇಡುತ್ತದೆ, ಯಾವ ಡೇಟಾಬೇಸನ್ನೂ ಬೇಡುವುದಿಲ್ಲ. ಈ ಗುಣದಿಂದಾಗಿಯೇ ನಾನು ಅದನ್ನು ಆರಿಸಿದೆ.

ಅಂಚೆಪೆಟ್ಟಿಗೆಯನ್ನು ಓದುವ ಭಾಗಕ್ಕೆ ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಓದುವ ಐಮ್ಯಾಪ್ ವಿಧಾನ ಬಳಸಿದ್ದೇನೆ, 993ನೇ ಪೋರ್ಟಿನಲ್ಲಿ. ಇಲ್ಲಿ ಒಂದು ಸೂಕ್ಷ್ಮವನ್ನು ಬಿಟ್ಟರೆ ಇಡೀ ವ್ಯವಸ್ಥೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಐಮ್ಯಾಪಿನಲ್ಲಿ ಪತ್ರದ ಒಡಲನ್ನು ‘ಬಾಡಿ’ ಎಂದು ಕೇಳಿ ತರಿಸಿಕೊಂಡರೆ ಸರ್ವರ್ ಆ ಪತ್ರಕ್ಕೆ ಓದಿದ ಗುರುತು ಹಾಕುತ್ತದೆ. ‘ಬಾಡಿ ಪೀಕ್’ ಎಂದು ಕೇಳಿದರೆ ಹಾಕುವುದಿಲ್ಲ. ನಾಲ್ವರು ಹಂಚಿಕೊಂಡ ಪೆಟ್ಟಿಗೆಯಲ್ಲಿ ಸ್ಕ್ರಿಪ್ಟ್ ಐದನೆಯ ಓದುಗನಾಗಿ ಗುರುತು ಹಾಕತೊಡಗಿದರೆ ಮನುಷ್ಯರು ಓದಬೇಕಾದ ಪತ್ರಗಳೇ ಕಣ್ಣು ತಪ್ಪುತ್ತವೆ. ಆದ್ದರಿಂದ ಎಲ್ಲ ಕಡೆ ಪೀಕ್ ಬಳಸಿ, ಎಲ್ಲಿಯವರೆಗೆ ನೋಡಿದ್ದಾಯಿತು ಎಂಬುದನ್ನು ಸ್ಕ್ರಿಪ್ಟ್ ತನ್ನದೇ ಸಣ್ಣ ಕಡತದಲ್ಲಿ ಗುರುತಿಟ್ಟುಕೊಳ್ಳುವಂತೆ ಮಾಡಿದೆ. ಪತ್ರ ಬಂದ ಕ್ಷಣವೇ ತಿಳಿಸುವ ‘ಐಡಲ್’ ಎಂಬ ಸೌಲಭ್ಯ 1997ರಿಂದಲೇ ಇದೆ, ಆದರೆ ಅದರ ಸಂಪರ್ಕವನ್ನು 29 ನಿಮಿಷಕ್ಕೊಮ್ಮೆಯಾದರೂ ನವೀಕರಿಸುತ್ತಿರಬೇಕು, ಕಡಿದುಹೋದರೆ ಮತ್ತೆ ಕಟ್ಟಬೇಕು. ತಪಾಸಣೆಯ ದಿನ ಹತ್ತು ನಿಮಿಷ ತಡವಾಗಿ ಗೊತ್ತಾದರೆ ಯಾರಿಗೂ ನಷ್ಟವಿಲ್ಲದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಸ್ಕ್ರಿಪ್ಟನ್ನು ಓಡಿಸುವ ಲಿನಕ್ಸಿನ ಸಿಸ್ಟಮ್‌ಡಿ ಟೈಮರನ್ನೇ ಇಟ್ಟೆ.

ಕ್ಯಾಲೆಂಡರುಗಳು ಎರಡು: ‘ಬಂದದ್ದು’ ಮತ್ತು ‘ಒಪ್ಪಿದ್ದು’. ಐಕ್ಯಾಲೆಂಡರ್ ರೂಪದಲ್ಲೇ ತಾತ್ಕಾಲಿಕ, ಖಚಿತ, ರದ್ದು ಎಂಬ ಮೂರು ಸ್ಥಿತಿಗಳಿವೆಯಾದರೂ ಫೋನಿನ ಸಣ್ಣ ಪರದೆಯ ಮೇಲೆ ತಾತ್ಕಾಲಿಕಕ್ಕೂ ಖಚಿತಕ್ಕೂ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಎರಡು ಬಣ್ಣಗಳ ಎರಡು ಕ್ಯಾಲೆಂಡರುಗಳಾದರೆ ಕಣ್ಣಿಗೆ ಹೊಡೆಯುತ್ತದೆ. ಸ್ಕ್ರಿಪ್ಟಿಗೆ ಬರೆಯುವ ಹಕ್ಕಿರುವುದು ‘ಬಂದದ್ದು’ ಎಂಬಲ್ಲಿಗೆ. ಉತ್ಪಾದನೆಯ ಮೇಲ್ವಿಚಾರಕಿ ತಮ್ಮ ಥಂಡರ್‌ಬರ್ಡಿನಲ್ಲಿ ಆ ಆಹ್ವಾನದ ಪತ್ರವನ್ನು ತೆರೆದು ‘ಸ್ವೀಕರಿಸು’ ಎಂದು ಒತ್ತಿದಾಗ ಗಿರಾಕಿಗೆ ಉತ್ತರ ಹೋಗುತ್ತದೆ, ಕಾರ್ಯಕ್ರಮ ‘ಒಪ್ಪಿದ್ದು’ ಕ್ಯಾಲೆಂಡರಿಗೆ ಸೇರುತ್ತದೆ, ಮುಂದಿನ ಸುತ್ತಿನಲ್ಲಿ ಸ್ಕ್ರಿಪ್ಟ್ ಅದನ್ನು ‘ಬಂದದ್ದು’ ಪಟ್ಟಿಯಿಂದ ತೆಗೆಯುತ್ತದೆ. ಇದು ಹೀಗೆ ನಡೆಯಲು ಥಂಡರ್‌ಬರ್ಡಿನಲ್ಲಿ ಕ್ಯಾಲೆಂಡರಿನ ಗುಣಲಕ್ಷಣಗಳ ಪುಟದಲ್ಲಿ ಇಮೇಲ್ ವಿಳಾಸವನ್ನು ಜೋಡಿಸಿರಬೇಕು. ವಿಳಾಸವನ್ನು ‘ಒಪ್ಪಿದ್ದು’ ಕ್ಯಾಲೆಂಡರಿಗೆ ಮಾತ್ರ ಜೋಡಿಸಿದ್ದರಿಂದ ಆಹ್ವಾನ ತಪ್ಪು ಜಾಗಕ್ಕೆ ಹೋಗುವ ದಾರಿಯೇ ಇಲ್ಲವಾಯಿತು. ಉಳಿದ ಮೂವರ ಕಂಪ್ಯೂಟರುಗಳಲ್ಲಿ ಯಾವುದಕ್ಕೂ ವಿಳಾಸ ಜೋಡಿಸಿಲ್ಲ. ಅವರು ನೋಡುತ್ತಾರೆ, ಒಪ್ಪುವುದಿಲ್ಲ.

ಬದಲಾವಣೆಗಳ ಲೆಕ್ಕವನ್ನು ಯುಐಡಿ (ಕಾರ್ಯಕ್ರಮದ ಗುರುತು) ಮತ್ತು ಸೀಕ್ವೆನ್ಸ್ (ಬದಲಾವಣೆಯ ಕ್ರಮಸಂಖ್ಯೆ) ಎಂಬ ಎರಡು ಸಾಲುಗಳು ಹೊರುತ್ತವೆ. ಒಂದು ಕಾರ್ಯಕ್ರಮದ ಯುಐಡಿ ಹುಟ್ಟಿನಿಂದ ಕೊನೆಯವರೆಗೆ ಒಂದೇ. ಕರೆದವರು ಹೊತ್ತು ಬದಲಿಸಿದಾಗ ಸೀಕ್ವೆನ್ಸ್ ಸಂಖ್ಯೆ ಏರುತ್ತದೆ. ಅದು ಸಮವಾಗಿದ್ದರೆ ಮುದ್ರೆಯ ಹೊತ್ತು, ಅಂದರೆ ಡಿಟಿಸ್ಟ್ಯಾಂಪ್, ಯಾವುದು ಈಚಿನದೋ ಅದೇ ಗೆಲ್ಲುತ್ತದೆ. ಇಮೇಲುಗಳು ಕಳುಹಿಸಿದ ಕ್ರಮದಲ್ಲೇ ತಲುಪುತ್ತವೆಂಬ ಭರವಸೆ ಇಲ್ಲದ್ದರಿಂದ ಈ ಹೋಲಿಕೆಯನ್ನು ಬಿಡುವಂತಿಲ್ಲ. ಈಗಾಗಲೇ ಒಪ್ಪಿದ ದಿನವೊಂದು ಬದಲಾಗಿ ಬಂದರೆ, ಹಳೆಯದು ಹಾಗೆಯೇ ಉಳಿದು, ಹೊಸದು ‘ಬದಲಾಗಿದೆ’ ಎಂಬ ತಲೆಬರಹದೊಡನೆ ‘ಬಂದದ್ದು’ ಪಟ್ಟಿಯಲ್ಲಿ ಅದರ ಪಕ್ಕಕ್ಕೆ ನಿಲ್ಲುತ್ತದೆ. ಮೇಲ್ವಿಚಾರಕಿ ಮತ್ತೆ ಒಪ್ಪುವವರೆಗೆ ಹಳೆಯದು ಸರಿಯುವುದಿಲ್ಲ. ರದ್ದತಿಯ ಪತ್ರ ಬಂದಾಗಲೂ ಸ್ಕ್ರಿಪ್ಟ್ ಯಾವುದನ್ನೂ ಅಳಿಸುವುದಿಲ್ಲ. ಆ ಹೊತ್ತಿಗೆ ಸರಕು ಲಾರಿ ಏರಿರಬಹುದು, ಅಳಿಸಿಹೋದ ಸಾಲು ಅದನ್ನು ಹೇಳಲಾರದು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಕಾಲವಲಯಗಳ ಕೆಲಸ. ಜರ್ಮನಿಯ ಖರೀದಿದಾರರ ಕರೆ ಪ್ರತಿ ಸೋಮವಾರ ಅಲ್ಲಿಯ ಬೆಳಗಿನ 10 ಗಂಟೆಗೆ. ಭಾರತದ ಗಡಿಯಾರ ವರ್ಷವಿಡೀ ಯುಟಿಸಿ ಎಂಬ ವಿಶ್ವಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿರುತ್ತದೆ. ಜರ್ಮನಿಯದು ಚಳಿಗಾಲದಲ್ಲಿ ಒಂದು ಗಂಟೆ, ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಎರಡು ಗಂಟೆ ಮುಂದಿರುತ್ತದೆ. ಹಾಗಾಗಿ ಅದೇ ಕರೆ ಬೆಳಗಾವಿಯಲ್ಲಿ ಚಳಿಗಾಲಕ್ಕೆ ಮಧ್ಯಾಹ್ನ 2.30ಕ್ಕೆ, ಬೇಸಿಗೆಗೆ 1.30ಕ್ಕೆ, ಅಂದರೆ ಸರಿಯಾಗಿ ಊಟದ ಹೊತ್ತಿಗೆ ಬೀಳುತ್ತದೆ. ವಾರವಾರದ ಈ ನಿಯಮವನ್ನು ಬರ್ಲಿನ್ ವಲಯದಲ್ಲೇ ಬಿಡಿಸಿ, ಸಿಕ್ಕ ಪ್ರತಿ ದಿನವನ್ನು ಬೇರೆಬೇರೆಯಾಗಿ ನಮ್ಮ ಹೊತ್ತಿಗೆ ಪರಿವರ್ತಿಸಬೇಕು. ಮೊದಲು ಪರಿವರ್ತಿಸಿ ಆಮೇಲೆ ವಾರಗಳನ್ನು ಎಣಿಸಿದರೆ ಅರ್ಧ ವರ್ಷ ಒಂದು ಗಂಟೆಯ ವ್ಯತ್ಯಾಸ ಉಳಿಯುತ್ತದೆ.

ಇದರ ಮೇಲೆ ವಲಯಗಳ ಹೆಸರಿನ ತೊಡಕು. ಲಿನಕ್ಸ್ ಮತ್ತು ಪೈಥಾನ್ ‘ಏಷ್ಯಾ/ಕೋಲ್ಕತಾ’, ‘ಯುರೋಪ್/ಬರ್ಲಿನ್’ ಎಂಬ ಹೆಸರುಗಳನ್ನು ಬಲ್ಲವು. ಔಟ್‌ಲುಕ್ ಕಳುಹಿಸುವ ಆಹ್ವಾನದಲ್ಲಿ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’, ‘ಡಬ್ಲ್ಯೂ. ಯುರೋಪ್ ಸ್ಟ್ಯಾಂಡರ್ಡ್ ಟೈಮ್’ ಎಂಬ ವಿಂಡೋಸ್ ಹೆಸರುಗಳಿರುತ್ತವೆ, ಮತ್ತು ಪೈಥಾನ್ 3.9ರಿಂದ ಜತೆಗೇ ಬರುವ ವಲಯ ಗ್ರಂಥಾಲಯಕ್ಕೆ (ಸಿದ್ಧ ಕೋಡಿನ ಸಂಗ್ರಹಕ್ಕೆ) ಇವು ತಿಳಿಯವು. ಎರಡನ್ನೂ ಹೊಂದಿಸುವ ಪಟ್ಟಿಯನ್ನು ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಯೋಜನೆ ನಿರ್ವಹಿಸುತ್ತದೆ, ಅದನ್ನೇ ಬಳಸಿದೆ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಸ್ಕ್ರಿಪ್ಟ್ ಭಾರತದ ಹೊತ್ತೆಂದು ಭಾವಿಸಿಕೊಳ್ಳುವುದಿಲ್ಲ, ‘ಹೊತ್ತು ಕೇಳಿ’ ಎಂಬ ತಲೆಬರಹ ಕೊಟ್ಟು ಇಡೀ ದಿನದ ಕಾರ್ಯಕ್ರಮವಾಗಿ ಇಡುತ್ತದೆ. ಇಡೀ ದಿನದ ಕಾರ್ಯಕ್ರಮಕ್ಕೂ ತನ್ನದೇ ಒಂದು ರೀತಿಯಿದೆ: ಅದರ ಮುಕ್ತಾಯದ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ. 14ರಂದು ಮಾತ್ರ ನಡೆಯುವ ತಪಾಸಣೆಗೆ ಕಡತದಲ್ಲಿ ಆರಂಭ 14, ಮುಕ್ತಾಯ 15 ಎಂದಿರುತ್ತದೆ. ಇದನ್ನು ಇದ್ದಂತೆ ಮುದ್ರಿಸಿದರೆ ತಪಾಸಕರು ಎರಡು ದಿನ ಇರುತ್ತಾರೆಂದು ತಿಳಿದು ಎರಡು ದಿನದ ವಸತಿ ಗೊತ್ತುಪಡಿಸುತ್ತಾರೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಒಂದು ರಾತ್ರಿಗೆ ಕೋಣೆ ಹುಡುಕುವುದೇ ಸಾಹಸವೆಂಬುದನ್ನು ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಕಾರ್ಖಾನೆಯಲ್ಲಿ ಮೊದಲಿನಿಂದ ಇದ್ದ ಉತ್ಪಾದನಾ ತಂತ್ರಾಂಶವೊಂದು ಕೆಲಸಗಳನ್ನು ಐಕ್ಯಾಲೆಂಡರ್ ಕಡತವಾಗಿ ಹೊರಕೊಡುತ್ತದೆ, ಹೆಸರುಗಳು ಕನ್ನಡದಲ್ಲೇ ಇವೆ. ಆದರೆ ಆ ಕಡತವನ್ನು ಕ್ಯಾಲೆಂಡರಿಗೆ ತಂದಾಗ ಕೆಲವು ಹೆಸರುಗಳ ನಡುವೆ ಒಂದು ಅಕ್ಷರ ಕರಗಿ, ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಚಿಕ್ಕ ಹೆಸರುಗಳು ಸರಿಯಾಗಿದ್ದು ಉದ್ದದವು ಮಾತ್ರ ಕೆಡುತ್ತಿದ್ದುದರಿಂದ ಇದು ಅಕ್ಷರಶೈಲಿಯ ದೋಷವಲ್ಲವೆಂದು ಮೊದಲೇ ಅನ್ನಿಸಿತು.

ಕಾರಣ ಆರ್‌ಎಫ್‌ಸಿ 5545ರಲ್ಲೇ ಇದೆ. ಕಡತದ ಯಾವ ಸಾಲೂ 75 ಬೈಟುಗಳನ್ನು ಮೀರಬಾರದು, ಮೀರಿದರೆ ಸಾಲನ್ನು ಮಡಿಚಿ, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ನಾವು ಒಂದೇ ಅಕ್ಷರವೆಂದು ಓದುವ ‘ಡ್ರಾ’ದಲ್ಲಿ ಡಕಾರ, ಹಲಂತ, ರಕಾರ, ದೀರ್ಘ ಎಂದು ನಾಲ್ಕು ಚಿಹ್ನೆಗಳಿವೆ, ಅಂದರೆ 12 ಬೈಟ್. ‘ಹೈಡ್ರಾಲಿಕ್ ಸಿಲಿಂಡರ್ ತಪಾಸಣೆ’ ಎಂಬ ಸಾದಾ ಹೆಸರನ್ನೇ ಲೆಕ್ಕ ಹಾಕಿದೆ: ಕನ್ನಡದ 24 ಚಿಹ್ನೆಗಳಿಗೆ 72 ಬೈಟ್, ಎರಡು ಖಾಲಿ ಜಾಗಗಳು ಸೇರಿ 74, ಸಾಲಿನ ಆರಂಭದ ‘ಸಮರಿ’ ಎಂಬ ಇಂಗ್ಲಿಷ್ ಗುರುತಿಗೂ ಅದರ ಮುಂದಿನ ವಿವರಣ ಚಿಹ್ನೆಗೂ ಎಂಟು, ಒಟ್ಟು 82. ಸಾಲನ್ನು 75ಕ್ಕೆ ಕುರುಡಾಗಿ ಕತ್ತರಿಸಿದರೆ ‘ತಪಾಸಣೆ’ಯ ಸಕಾರದ ಎರಡು ಬೈಟುಗಳು ಈ ಸಾಲಿನಲ್ಲಿ, ಒಂದು ಬೈಟ್ ಮುಂದಿನ ಸಾಲಿನಲ್ಲಿ. ತೆರೆದು ನೋಡಿದಾಗ ಕೆಟ್ಟಿದ್ದುದೂ ಆ ಸಕಾರವೇ.

ಆ ತಂತ್ರಾಂಶವನ್ನು ತಿದ್ದುವ ಅಧಿಕಾರ ನಮಗಿರಲಿಲ್ಲ, ತಿದ್ದುವ ಅಗತ್ಯವೂ ಬೀಳಲಿಲ್ಲ. ಹೀಗೆ ಚಿಹ್ನೆಯ ನಡುವೆಯೇ ಮಡಿಚುವ ತಂತ್ರಾಂಶಗಳು ಇರಬಹುದೆಂದು ಅದೇ ದಾಖಲೆ ಎಚ್ಚರಿಸಿ, ಓದುವವರು ಮೂಲ ಬೈಟುಗಳ ಸರಣಿ ಮರಳುವಂತೆ ಮಡಿಕೆ ಬಿಡಿಸಬೇಕೆಂದು ಹೇಳುತ್ತದೆ. ಅಂದರೆ ಕಡತವನ್ನು ಪಠ್ಯವಾಗಿ ತೆರೆಯದೆ ಬರಿಯ ಬೈಟುಗಳಾಗಿ ತೆರೆದು, ಸಾಲಿನ ಮುರಿತವನ್ನೂ ಅದರ ಮುಂದಿನ ಖಾಲಿ ಜಾಗವನ್ನೂ ಮೊದಲು ತೆಗೆದುಹಾಕಿ, ಆಮೇಲಷ್ಟೇ ಯುಟಿಎಫ್-8 ಎಂದು ಓದಬೇಕು. ಈ ಎರಡು ಹೆಜ್ಜೆಗಳ ಕ್ರಮವೇ ಇಡೀ ದುರಸ್ತಿ. ಪೈಥಾನಿನಲ್ಲಿ ಅದು ಒಂದೆರಡು ಸಾಲು. ಕೆಟ್ಟ ಹೆಸರುಗಳೆಲ್ಲ ಹಿಂದಿನ ಕಡತಗಳಿಂದಲೂ ಪೂರ್ಣವಾಗಿ ಮರಳಿ ಬಂದವು.

ಇದೇ ಬಗೆಯ ಮಿತಿ ಇಮೇಲಿನ ವಿಷಯದ ಸಾಲಿನಲ್ಲೂ ಇದೆ. ಆರ್‌ಎಫ್‌ಸಿ 2047ರ ಪ್ರಕಾರ ಇಂಗ್ಲಿಷೇತರ ವಿಷಯವನ್ನು ಸಂಕೇತಿಸಿದ ತುಂಡುಗಳಾಗಿ ಬರೆಯಬೇಕು, ಪ್ರತಿ ತುಂಡು 75 ಅಕ್ಷರಗಳೊಳಗಿರಬೇಕು. ಆರಂಭ ಮತ್ತು ಅಂತ್ಯದ ಗುರುತುಗಳನ್ನು ಕಳೆದರೆ ಬೈಟುಗಳನ್ನು ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬರೆಯುವ ಬೇಸ್64 ವಿಧಾನದಲ್ಲಿ ಒಂದು ತುಂಡಿಗೆ 45 ಬೈಟ್ ಉಳಿಯುತ್ತದೆ, ಕನ್ನಡದ 15 ಚಿಹ್ನೆಗಳಿಗೆ ಸರಿಯಾಗಿ. ಇಲ್ಲಿ ಮಾತ್ರ ಚಿಹ್ನೆಯ ನಡುವೆ ತುಂಡರಿಸಲು ನಿಯಮವೇ ಬಿಡುವುದಿಲ್ಲ. ಪೈಥಾನಿನ ಹೊಸ ಇಮೇಲ್ ಗ್ರಂಥಾಲಯ ಇದನ್ನು ತಾನೇ ನೋಡಿಕೊಳ್ಳುವುದರಿಂದ ನಾನು ಕೈಯಾಡಿಸಲಿಲ್ಲ. ಆದರೂ ಬೆಳಗಿನ ಪತ್ರದ ವಿಷಯವನ್ನು ‘ಇಂದಿನ ಕೆಲಸ’ ಎಂದು ಮೊಟಕಾಗಿಯೇ ಇಟ್ಟಿದ್ದೇನೆ, ಏಕೆಂದರೆ ಫೋನಿನ ಸೂಚನಾಪಟ್ಟಿಯಲ್ಲಿ ಉದ್ದದ ವಿಷಯವನ್ನು ಯಾರೂ ಓದುವುದಿಲ್ಲ.

ಬೆಳಿಗ್ಗೆ 7.30ಕ್ಕೆ ಹೋಗುವ ಆ ಪತ್ರದಲ್ಲಿ ಮೊದಲು ಒಪ್ಪಿದ ಕೆಲಸಗಳು, ಕೆಳಗೆ ಗೆರೆ ಎಳೆದು ಇನ್ನೂ ಒಪ್ಪದವು. ಅದೇ ಪಠ್ಯ ಅಂಗಳದ ಮುದ್ರಕದಲ್ಲೂ ಅಚ್ಚಾಗಿ ಹೊರಬರುತ್ತದೆ, ಇಮೇಲ್ ಇಲ್ಲದವರಿಗಾಗಿ.

ರಜೆಗಳ ಕ್ಯಾಲೆಂಡರನ್ನು ಪ್ರತ್ಯೇಕವಾಗಿ ಮಾಡಿದೆ. ನವೆಂಬರ್ 1ರ ರಾಜ್ಯೋತ್ಸವದಂಥ ನಿಗದಿತ ದಿನಗಳಿಗೆ ವಾರ್ಷಿಕ ನಿಯಮ ಸಾಕು. ಅಮಾವಾಸ್ಯೆಗೆ ಸಾಲದು. ಇಲ್ಲಿ ಪ್ರತಿ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆಯಾಗಿ ಕೆಲಸ ತಡವಾಗಿ ಆರಂಭವಾಗುತ್ತದೆ. ಎಳ್ಳಮಾವಾಸ್ಯೆಗೆ ಹಳ್ಳಿಗಳಿಂದ ಬರುವ ಕೆಲಸಗಾರರು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಖಂಡೆ ಪೂಜೆಯ ದಿನ ಯಾವ ತಪಾಸಕರನ್ನು ಕರೆದರೂ ಪ್ರಯೋಜನವಿಲ್ಲ. ಚಾಂದ್ರಮಾಸದ ಸರಾಸರಿ 29.53 ದಿನವಾದ್ದರಿಂದ ‘ಇಷ್ಟು ದಿನಕ್ಕೊಮ್ಮೆ’ ಎಂಬ ನಿಯಮ ಬೇಗ ದಾರಿ ತಪ್ಪುತ್ತದೆ. ಬೇರೆ ಪಂಚಾಂಗಗಳಿಗಾಗಿ 2015ರ ಆರ್‌ಎಫ್‌ಸಿ 7529ರಲ್ಲಿ ಒಂದು ವಿಸ್ತರಣೆ ಇದೆಯಾದರೂ, ಸೂರ್ಯೋದಯವನ್ನು ನೋಡಿ ಹಿಡಿಯುವ ನಮ್ಮ ತಿಥಿಗಳಿಗೆ ಅದು ಒದಗುವುದಿಲ್ಲ. ಪಂಚಾಂಗ ನೋಡಿ ವರ್ಷದ ದಿನಗಳನ್ನು ಒಂದು ಸಾದಾ ಪಟ್ಟಿಯಲ್ಲಿ ಬರೆದರೆ ಸ್ಕ್ರಿಪ್ಟ್ ಪ್ರತಿ ದಿನಕ್ಕೂ ಪ್ರತ್ಯೇಕ ಕಾರ್ಯಕ್ರಮ ಮಾಡುತ್ತದೆ. ಒಂದೇ ಕಾರ್ಯಕ್ರಮಕ್ಕೆ ಹಲವು ದಿನಾಂಕ ಪೋಣಿಸುವ ಸೌಲಭ್ಯ ಇದ್ದರೂ ಅದನ್ನು ಬಿಟ್ಟೆ, ಏಕೆಂದರೆ ತಿಥಿ ಎರಡು ದಿನಗಳಿಗೆ ಹರಡಿದಾಗ ಪೂಜೆ ಯಾವತ್ತು ಎಂಬುದನ್ನು ಕೊನೆಗೆ ಮಾಲೀಕರ ತಾಯಿಯವರು ತೀರ್ಮಾನಿಸುತ್ತಾರೆ, ಮತ್ತು ಆಗ ಒಂದನ್ನು ಮಾತ್ರ ಎಳೆದು ಪಕ್ಕದ ದಿನಕ್ಕೆ ಇಡುವುದು ಸುಲಭ. ಗಣೇಶ ವಿಸರ್ಜನೆಯ ಮರುದಿನವನ್ನೂ ಇದೇ ಪಟ್ಟಿಗೆ ಸೇರಿಸಿಕೊಂಡರು. ಬೆಳಗಾವಿಯ ಮೆರವಣಿಗೆ ಮರುದಿನದವರೆಗೂ ನಡೆಯುವುದರಿಂದ ಅಂದು ಹಾಜರಾತಿ ಇರುವುದಿಲ್ಲ.

ಫೋನುಗಳ ಡ್ಯಾವ್‌ಎಕ್ಸ್5ನಲ್ಲಿ ಕಾರ್ಖಾನೆಯ ವೈಫೈ ಸಿಕ್ಕಾಗ ಮಾತ್ರ ಹೊಂದಿಸಿಕೊಳ್ಳುವ ಆಯ್ಕೆಯನ್ನು ಹಾಕಿದ್ದೇನೆ. ಹೊರಗಿದ್ದಾಗ ಕೊನೆಯ ಬಾರಿ ಇಳಿಸಿಕೊಂಡ ನಕಲು ಫೋನಿನಲ್ಲೇ ಇರುತ್ತದೆ. ವೈರ್‌ಗಾರ್ಡ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕದ ಮೂಲಕ ಹೊರಗಿನಿಂದಲೂ ತಲುಪುವಂತೆ ಮಾಡಬಹುದೆಂದು ಹೇಳಿದೆ. ರಾತ್ರಿ ಹತ್ತಕ್ಕೆ ಬದಲಾದ ದಿನಾಂಕ ರಾತ್ರಿಯೇ ಯಾರಿಗೂ ಕಾಣಬೇಕಿಲ್ಲ ಎಂದು ಮೇಲ್ವಿಚಾರಕಿ ಬೇಡವೆಂದರು. ಅವರ ಮಾತೇ ಸರಿ ಎನಿಸಿತು.

ಕೊನೆಯದಾಗಿ ಬ್ಯಾಕಪ್ ಪ್ರತಿಗಳ ಏರ್ಪಾಡು. ರ‍್ಯಾಡಿಕೇಲಿನಲ್ಲಿ ಪ್ರತಿ ಬದಲಾವಣೆಯ ನಂತರ ಒಂದು ಆದೇಶವನ್ನು ಓಡಿಸುವ ಕೊಂಡಿ ಇದೆ. ಅದಕ್ಕೆ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್ ತಂತ್ರಾಂಶವನ್ನು ಜೋಡಿಸಿ, ಯಾವ ಖಾತೆಯಿಂದ ಬದಲಾವಣೆಯಾಯಿತೆಂಬುದು ಟಿಪ್ಪಣಿಯಲ್ಲಿ ಸೇರುವಂತೆ ಮಾಡಿದೆ. ಮರಳಿ ಸ್ಥಾಪಿಸುವ ಪರೀಕ್ಷೆಗಾಗಿ ಬೇರೊಂದು ಕಂಪ್ಯೂಟರಿಗೆ ಆ ಭಂಡಾರವನ್ನು ಇಳಿಸಿ, ಅಲ್ಲಿ ರ‍್ಯಾಡಿಕೇಲ್ ಆರಂಭಿಸಿ, ಒಂದು ಫೋನನ್ನು ಅತ್ತ ತಿರುಗಿಸಿದಾಗ ಮೂರೂ ಕ್ಯಾಲೆಂಡರುಗಳು ಕನ್ನಡದ ಹೆಸರುಗಳ ಸಮೇತ ಬಂದವು. ಈ ಇತಿಹಾಸ ಬೇರೆ ಕೆಲಸಕ್ಕೂ ಬಂದಿದೆ: ಕೊಲ್ಹಾಪುರದ ಗಿರಾಕಿಯೊಬ್ಬರು ತಾವು ದಿನ ಬದಲಿಸಿಯೇ ಇಲ್ಲವೆಂದಾಗ, ಆ ಕಾರ್ಯಕ್ರಮದ ಸೀಕ್ವೆನ್ಸ್ ಸಂಖ್ಯೆ ಯಾವತ್ತು ಏರಿತು, ಅದನ್ನು ಹೊತ್ತು ತಂದ ಪತ್ರ ಯಾವುದು, ಮೇಲ್ವಿಚಾರಕಿ ಅದನ್ನು ಎಷ್ಟು ಹೊತ್ತಿಗೆ ಒಪ್ಪಿದರು ಎಂಬುದನ್ನು ಲೆಕ್ಕಪತ್ರದ ಕೋಣೆಯಿಂದಲೇ ತೆಗೆದು ತೋರಿಸಲಾಯಿತು.